ಅಸ್ತಮಾ ಜೊತೆಗೆ ಸ್ಲೀಪ್ ಅಪ್ನಿಯಾ: ಪಂಪ್ ಡೋಸ್ ಏರಿಸಿದ್ರೂ ರಾತ್ರಿ ಏಳೋದು ನಿಂತಿಲ್ಲ, ಸಿಪ್ಯಾಪ್ ಹಾಕಬಹುದಾ?

ಕೊಪ್ಪದ ತೋಟ

ನಮಸ್ಕಾರ. ಅಣ್ಣನ ವಿಷಯಕ್ಕೆ ಕೇಳ್ತಿದೀನಿ. ಐವತ್ತು ದಾಟಿದೆ, ಚಿಕ್ಕಂದಿನಿಂದ ಅಸ್ತಮಾ. ಫೋರಾಕಾರ್ಟ್ ಪಂಪ್ ಬೆಳಿಗ್ಗೆ ಸಂಜೆ ತಪ್ಪದೆ ತಗೋತಾನೆ. ಹಗಲು ತೋಟದಲ್ಲಿ ಓಡಾಡುವಾಗ ಹೇಳಿಕೊಳ್ಳೋ ಅಂಥ ತೊಂದರೆ ಇಲ್ಲ, ರಾತ್ರಿಯೇ ಕಷ್ಟ. ಧಡಕ್ಕನೆ ಎದ್ದು ಕೂತು ದಿಂಬಿನ ಕೆಳಗೆ ಪಂಪ್ ಹುಡುಕ್ತಾನೆ. ಊರಿನ ಡಾಕ್ಟ್ರು ಮೊದಲು ಡೋಸ್ ಏರಿಸಿದ್ರು, ಆಮೇಲೆ ಶ್ವಾಸನಾಳ ಹಿಗ್ಗಿಸೋ ಡೆರಿಫಿಲಿನ್ ಮಾತ್ರೆ ಸೇರಿಸಿದ್ರು, ಮಳೆಗಾಲ ಬಂದ್ರೆ ಸ್ಟೀರಾಯ್ಡ್ ಮಾತ್ರೆ. ತೂಕ ಏರಿತೇ ಹೊರತು ನಿದ್ದೆ ಹತ್ತಲಿಲ್ಲ. ಅತ್ತಿಗೆ ಹೇಳೋ ಪ್ರಕಾರ ಗೊರಕೆ ಒಂದೇ ಸಮ ಹೋಗ್ತಿದ್ದದ್ದು ಗಪ್ ಅಂತ ನಿಲ್ಲುತ್ತೆ, ಆಮೇಲೆ ಕಾಡುಹಂದಿ ಗುಟುರು ಹಾಕಿದ ಹಾಗೆ ಮತ್ತೆ ಶುರು.

ಈಗ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ಸ್ಲೀಪ್ ಸ್ಟಡಿ ಮಾಡಿಸಿದ್ವಿ. ಎಎಚ್‌ಐ 34 ಅಂತ ಬಂದಿದೆ, ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಂತು ನಿಂತು ಬರೋ ಸ್ಲೀಪ್ ಅಪ್ನಿಯಾ ಇದು, ಮಾಸ್ಕ್ ಮೂಲಕ ಒತ್ತಡದ ಗಾಳಿ ಬಿಟ್ಟು ಗಂಟಲು ತೆರೆದಿಡೋ ಸಿಪ್ಯಾಪ್ ಮೆಷಿನ್ ಹಾಕ್ಕೊಳ್ಳಿ ಅಂದ್ರು. ಅಣ್ಣ ಒಪ್ತಿಲ್ಲ. "ಮೊದಲೇ ಉಸಿರಾಡಕ್ಕೆ ಆಗಲ್ಲ, ಮೂತಿಗೆ ಗಾಳಿ ಕಟ್ಟಿದ್ರೆ ದಮ್ಮು ಜಾಸ್ತಿ ಆಗಲ್ವಾ?" ಅಂತಾನೆ. ಎರಡೂ ಇದ್ದು ಮೆಷಿನ್ ಬಳಸ್ತಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಶ್ವಾಸ ಸಹಾಯಕಿ

ತೋಟದವರೇ, ನಾನು ಆಸ್ಪತ್ರೆಯೊಂದರ ಶ್ವಾಸಕೋಶ ವಿಭಾಗದಲ್ಲಿ ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ಆದ್ರೆ ರಾತ್ರಿಯೆಲ್ಲ ಇಂಥ ಗ್ರಾಫ್‌ಗಳನ್ನೇ ನೋಡ್ತಾ ಕೂರೋದು ನನ್ನ ಕೆಲಸ.

ಅಸ್ತಮಾ ಇದೆ ಅನ್ನೋ ಕಾರಣಕ್ಕೆ ಸಿಪ್ಯಾಪ್ ಹಾಕಬಾರದು ಅಂತೇನಿಲ್ಲ. ಎಎಚ್‌ಐ ಅಂದ್ರೆ ನಿದ್ದೆಯಲ್ಲಿ ಗಂಟೆಗೆ ಎಷ್ಟು ಸಲ ಉಸಿರು ಪೂರ್ತಿ ನಿಂತಿತು ಅಥವಾ ಅರೆಬರೆ ಆಯ್ತು ಅನ್ನೋ ಲೆಕ್ಕ. ಒಂದೊಂದೂ ಕನಿಷ್ಠ 10 ಸೆಕೆಂಡ್ ಇದ್ರೆ ಮಾತ್ರ ಲೆಕ್ಕಕ್ಕೆ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದ್ರೆ ತೀವ್ರ. ನಿಮ್ಮಣ್ಣ ತೀವ್ರದ ಸಾಲಿನಲ್ಲಿದ್ದಾರೆ. ಅದನ್ನ ಹಾಗೇ ಬಿಟ್ಟು ಪಂಪ್ ಒಂದನ್ನೇ ಏರಿಸ್ತಾ ಹೋಗೋದರಲ್ಲಿ ಅರ್ಥ ಇಲ್ಲ.

ರಾತ್ರಿ ಎಚ್ಚರ ಆಗೋದೆಲ್ಲ ಅಸ್ತಮಾ ಅಲ್ಲ. ಎದ್ದ ಮೇಲಿನ ಮೊದಲ ಒಂದೆರಡು ನಿಮಿಷ ಅತ್ತಿಗೆ ಗಮನ ಇಟ್ಟು ನೋಡಲಿ. ಅಸ್ತಮಾ ಆದ್ರೆ ಕೆಮ್ಮು, ಎದೆ ಬಿಗಿತ, ಉಸಿರು ಬಿಡುವಾಗ ಸುಂಯ್ ಸದ್ದು. ಎದ್ದು ಕೂತ ತಕ್ಷಣ ಹೋಗಲ್ಲ, ಪಂಪ್ ತಗೊಂಡು ಸ್ವಲ್ಪ ಹೊತ್ತು ಕಾಯಬೇಕು. ಅಪ್ನಿಯಾ ಆದ್ರೆ ಗಂಟಲು ಕಟ್ಟಿದಂತಾಗಿ ಗಕ್ಕನೆ ಏಳ್ತಾರೆ, ಎರಡು ಮೂರು ದೊಡ್ಡ ಉಸಿರು ಎಳೆದ್ರೆ ಅಲ್ಲಿಗೆ ಮುಗೀತು. ಬಾಯಿ ಒಣಗಿರುತ್ತೆ, ಮೂತ್ರಕ್ಕೆ ಅವಸರ ಆಗುತ್ತೆ, ಬೆಳಿಗ್ಗೆ ತಲೆ ಭಾರ. ಯಡವಟ್ಟಾಗೋದು ಎಲ್ಲಿ ಅಂದ್ರೆ, ಎದ್ದವರು ಅಭ್ಯಾಸಬಲದಿಂದ ಪಂಪ್ ಹೊಡ್ಕೋತಾರೆ, ಅಷ್ಟರಲ್ಲಿ ಉಸಿರು ತಾನಾಗೇ ಸರಿಹೋಗಿರುತ್ತೆ, ಒಳ್ಳೇ ಹೆಸರು ಪಂಪ್‌ಗೆ! ಡಾಕ್ಟ್ರ ಹತ್ರ "ರಾತ್ರಿ ಪಂಪ್ ಇಲ್ದೆ ಆಗಲ್ಲ" ಅಂತಾರೆ, ಡೋಸ್ ಇನ್ನೊಂದು ಮೆಟ್ಟಿಲು ಏರುತ್ತೆ.

ಬಿಡಿಸಿ ನೋಡಕ್ಕೆ, ಊದಿದ ಗಾಳಿ ಎಷ್ಟು ರಭಸ ಅಂತ ಅಳೆಯೋ ಪೀಕ್ ಫ್ಲೋ ಮೀಟರ್ ತಗೊಳ್ಳಿ, ದುಬಾರಿಯೇನಲ್ಲ. ಬೆಳಿಗ್ಗೆ ಸಂಜೆ ಪಂಪ್‌ಗೆ ಮುಂಚೆ ನಿಂತ್ಕೊಂಡು ಮೂರು ಸಲ ಊದಿ, ಜಾಸ್ತಿ ಬಂದದ್ದನ್ನ ಬರ್ಕೊಳ್ಳಿ. ರಾತ್ರಿ ಎದ್ದಾಗಲೂ ಒಮ್ಮೆ ಊದಲಿ. ಮಾಮೂಲಿ ಅಂಕಿಯ ಹತ್ತಿರವೇ ಇದ್ರೆ ಎಬ್ಬಿಸಿದ್ದು ಗಂಟಲು. ಚೆನ್ನಾಗಿ ಇಳಿದಿದ್ರೆ ಅಸ್ತಮಾನೂ ಸೇರಿಕೊಂಡಿದೆ. ಉಸಿರು ತೀರಾ ಕಷ್ಟ ಇದ್ದಾಗ ಮಾತ್ರ ಮೀಟರ್ ಹುಡುಕ್ತಾ ಕೂರಬೇಡಿ, ಮೊದಲು ಪಂಪ್. ಆ ಹಾಳೆ ತಗೊಂಡು ಹೋದ್ರೆ ಡಾಕ್ಟ್ರಿಗೂ ಯಾವುದನ್ನ ಏರಿಸಬೇಕು, ಯಾವುದನ್ನ ಇಳಿಸಬಹುದು ಗೊತ್ತಾಗುತ್ತೆ. ಡೆರಿಫಿಲಿನ್ ಬಗ್ಗೆಯೂ ಕೇಳಿ. ಅದರಲ್ಲಿರೋ ಥಿಯೋಫಿಲಿನ್ ನಿದ್ದೆ ಕೆಡಿಸುತ್ತೆ, ಹುಳಿ ತೇಗನ್ನೂ ಹೆಚ್ಚಿಸಬಹುದು.

ಹುಬ್ಬಳ್ಳಿ ಮಂದಿ

ನಾ ಎರಡೂ ಇರೋ ಗಿರಾಕಿ. ಮಷೀನ್ ಹಾಕ್ಕೊಂಡ ಮಲಗತೀನಿ. ಅಣ್ಣಾರ ಅಂಜಿಕಿ ಸುಳ್ಳಲ್ಲ, ಶುರುವಿನ್ಯಾಗ ನನಗೂ ತಣ್ಣನ ಒಣಾ ಗಾಳಿ ಎದಿಗೆ ಹೊಡದು ಕೆಮ್ಮ ಬಂತು. ರೊಕ್ಕಾ ಉಳೀತೈತಿ ಅಂತ ಅಂಗಡಿಯಾಂವ ಹ್ಯುಮಿಡಿಫೈಯರ್ ಇಲ್ಲದ್ದ ಕೊಟ್ಟಿದ್ದ. ಅಸ್ತಮಾ ಇದ್ದಾವ್ರು ಅದೊಂದ್ರಾಗ ಜುಗ್ಗತನ ಮಾಡಬ್ಯಾಡ್ರಿ. ನೀರು ಕಾಸಿ ಹಬೆ ಕೂಡಿಸಿ ಗಾಳಿ ಬಿಡೋ ಡಬ್ಬಿ ಇರಾಕಬೇಕು. ಚಳಿಗಾಲ್ದಾಗ ಸಾದಾ ಪೈಪಿನ್ಯಾಗ ಹನಿ ಕಟ್ಟಿ ಮೂಗಿಗೇ ತೊಟ್ಟಿಕ್ಕತೈತಿ. ಕಾಯಿಸೋ ಪೈಪ್ ಸಿಕ್ರ ಛಲೋ, ಇಲ್ಲಂದ್ರ ಪೈಪ್ ಕಂಬಳಿ ಒಳಗ ಹಾಯಿಸಿ ಇಟ್ಕೋರಿ.

ಎರಡನೇದ್ದು ಮೂಗು. ಅಸ್ತಮಾ ಇರೋ ಮಂದ್ಯಾಗ ಭಾಳ ಮಂದಿಗೆ ಮೂಗಿನ ಅಲರ್ಜಿನೂ ಇರತೈತಿ. ಮೂಗು ಕಟ್ಟಿತು ಅಂದ್ರ ಬಾಯಿ ತೆರೀತೈತಿ, ಗಾಳಿ ಸೋರತೈತಿ, ಗಂಟಲಾ ಒಣಗಿ ಕೆಮ್ಮ ಬರತೈತಿ, ನಡುರಾತ್ರಿ ಮಾಸ್ಕ್ ಕಿತ್ತ ಒಗೀತೀವಿ. ನಮ್ಮ ಡಾಕ್ಟರ್ ಮೂಗಿನ ಸ್ಟೀರಾಯ್ಡ್ ಸ್ಪ್ರೇ ಬರದ್ರು, ಉಪ್ಪುನೀರ್ಲೆ ತೊಳೀರಿ ಅಂದ್ರು. ಸ್ಪ್ರೇ ಹೊಡಿಯೂದಕ್ಕೂ ಒಂದು ರೀತಿ ಐತಿ. ಬಲ ಮೂಗಿಗೆ ಎಡಗೈ, ಎಡ ಮೂಗಿಗೆ ಬಲಗೈ. ಸ್ಪ್ರೇದ ಮೂತಿ ನಡುವಿನ ಗ್ವಾಡಿ ಕಡೆ ಅಲ್ಲ, ಕಿವಿ ಕಡೆ ಮುಖಾ ಮಾಡಿರಬೇಕು. ಜೋರಾಗಿ ಸೇದಬಾರದು. ಒಂದ ದಿನದಾಗ ಏನೂ ಆಗೂದಿಲ್ಲ, ವಾರಗಟ್ಟಲೆ ಬಿಡದ ಹೊಡಿಬೇಕು. ತಕ್ಷಣ ಮೂಗು ಬಿಡಿಸೋ ಹನಿ ಔಷಧ ಬ್ಯಾರೆ, ಅದನ್ನ ದಿನಾ ಹಾಕ್ಕೊಂಡ್ರ ಬಿಟ್ಟ ಕೂಡಲೇ ಮೊದಲಿಗಿಂತ ಗಟ್ಟಿ ಕಟ್ಟತೈತಿ.

ಈಗ ನನ್ನ ಕ್ರಮ: ಊಟ ಲಗೂನ ಮುಗಸೂದು, ಮೂಗು ತೊಳಿಯೂದು, ಸ್ಪ್ರೇ, ಪಂಪ್, ಬಾಯಿ ಮುಕ್ಕಳಿಸೂದು, ಕಡೀಕ ಮಾಸ್ಕ್. ರಾತ್ರಿ ಖರೇನ ದಮ್ಮು ಬಂದ್ರ ಮಾಸ್ಕ್ ತಗದು ಎದ್ದು ಕುಂತು ಸ್ಪೇಸರ್ (ಪಂಪಿನ ಮೂತಿಗೆ ಜೋಡಸೋ ಉದ್ದನ ಡಬ್ಬಿ) ಹಚ್ಚಿ ಪಂಪ್. ಮಷೀನಿನ ಗಾಳಿಯೊಳಗ ಔಷಧ ಇರೂದಿಲ್ಲ.

ಪ್ರಶ್ನೆಪಕ್ಷಿ

ಒಂದು ಅನುಮಾನ. ನಮ್ಮಜ್ಜನೂ ಮನೆ ನಡುಗೋ ಹಾಗೆ ಗೊರಕೆ ಹೊಡೀತಿದ್ರು, ಎಂಬತ್ತರ ಮೇಲೆ ಬದುಕಿದ್ರು. ಈಗ ಗೊರಕೆ ಹೊಡೆದವರಿಗೆಲ್ಲ ಒಂದು ಟೆಸ್ಟು, ಟೆಸ್ಟ್ ಮಾಡಿಸಿದವರಿಗೆಲ್ಲ ಒಂದು ಮೆಷಿನ್ನು. ತೂಕ ಇಳಿಸಿ, ಪ್ರಾಣಾಯಾಮ ಮಾಡಿ ಅಂದ್ರೆ ಯಾರಿಗೂ ಕಮಿಷನ್ ಸಿಗಲ್ಲ ನೋಡಿ. ನಮ್ಮ ಬೀದಿಯವರೊಬ್ಬರು ಮೃಗಶಿರಾ ಹೊತ್ತಿಗೆ ಹೈದರಾಬಾದ್‌ಗೆ ಹೋಗಿ ಬಾಯಲ್ಲಿ ಹಳದಿ ಮದ್ದಿಟ್ಟ ಮೀನು ನುಂಗಿ ಬರ್ತಾರೆ, ಆರಾಮಾಗಿದ್ದಾರೆ.

ಶ್ವಾಸ ಸಹಾಯಕಿ

ಪಕ್ಷಿಗಳೇ, ತೂಕದ ಮಾತು ಸರಿ. ತೂಕ ಇಳಿದ್ರೆ ಎರಡೂ ಕಾಯಿಲೆಗೆ ಅನುಕೂಲ. ಪ್ರಾಣಾಯಾಮನೂ ಮಾಡ್ಲಿ. ಆದ್ರೆ ರಾತ್ರಿ ಉಸಿರು ಕಟ್ಟಿಕೊಂಡು ಸರಿಯಾಗಿ ಮಲಗದೆ ಇರೋ ಮನುಷ್ಯ, ಮೇಲಿಂದ ಸ್ಟೀರಾಯ್ಡ್ ಮಾತ್ರೆ ನುಂಗ್ತಿರೋನು, ಬೆಳಿಗ್ಗೆ ಎದ್ದು ವಾಕಿಂಗ್ ಹೋಗಿ ತೂಕ ಇಳಿಸ್ತಾನೆ ಅಂತ ಕಾಯೋದು ಎಷ್ಟು ವರ್ಷ? ಸ್ಟೀರಾಯ್ಡ್ ಮಾತ್ರೆಯಿಂದ ಕುತ್ತಿಗೆ ಸುತ್ತಲೂ ಕೊಬ್ಬು ಕೂರುತ್ತೆ, ಗಂಟಲ ದಾರಿ ಇನ್ನೂ ಇಕ್ಕಟ್ಟಾಗುತ್ತೆ. ಮೀನಿನ ವಿಷಯ: ಅದರಿಂದ ಅಸ್ತಮಾ ವಾಸಿಯಾಗುತ್ತೆ ಅನ್ನೋದಕ್ಕೇ ಆಧಾರ ಇಲ್ಲ, ಮಲಗಿದಾಗ ಕುಸಿಯೋ ಗಂಟಲಿಗೆ ಅದು ಏನು ಮಾಡೀತು?

ಎರಡು ಕಾಯಿಲೆ ಸುಮ್ಮನೆ ಅಕ್ಕಪಕ್ಕ ಇರೋದಲ್ಲ. ಗಂಟಲು ಮುಚ್ಚಿದಾಗ ಉಸಿರು ಎಳೆಯಕ್ಕೆ ಎದೆ ಜಗ್ಗುತ್ತಲ್ಲ, ಆ ಸೆಳೆತಕ್ಕೆ ಹೊಟ್ಟೆಯ ಹುಳಿ ಮೇಲೆ ಬರುತ್ತೆ, ಶ್ವಾಸನಾಳ ಕೆರಳುತ್ತೆ. ಇತ್ತ ಅಸ್ತಮಾದಿಂದ ಮೂಗು ಕಟ್ಟಿ, ನಿದ್ದೆ ತುಂಡಾಗಿ, ಸ್ಟೀರಾಯ್ಡ್ ಹೆಚ್ಚಾಗಿ ಅಪ್ನಿಯಾ ಬಲಿಯುತ್ತೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜನರನ್ನ ವರ್ಷಗಟ್ಟಲೆ ಹಿಂಬಾಲಿಸಿ ನಿದ್ದೆ ಪರೀಕ್ಷೆ ಮಾಡಿದ್ದರು, 2015ರಲ್ಲಿ ಅದರ ಫಲಿತಾಂಶ ಬಂತು. ಶುರುವಿನಲ್ಲಿ ಅಪ್ನಿಯಾ ಇಲ್ಲದವರ ಪೈಕಿ, ಅಸ್ತಮಾ ಇದ್ದವರಲ್ಲಿ 27% ಜನಕ್ಕೆ ನಾಲ್ಕು ವರ್ಷದಲ್ಲಿ ಅಪ್ನಿಯಾ ಬಂದಿತ್ತು, ಅಸ್ತಮಾ ಇಲ್ಲದವರಲ್ಲಿ 16%.

ಸಿಡ್ನಿ ಕನ್ನಡಿಗ

ಮೆಷಿನ್ ಹುಟ್ಟಿದ ಊರಿನಲ್ಲಿ ಇರುವುದರಿಂದ ಒಂದೆರಡು ಮಾತು. 1980ರಲ್ಲಿ ಇಲ್ಲಿನ ವೈದ್ಯ ಕಾಲಿನ್ ಸಲ್ಲಿವನ್ ವ್ಯಾಕ್ಯೂಮ್ ಕ್ಲೀನರ್ ಮೋಟಾರನ್ನು ಉಲ್ಟಾ ಓಡಿಸಿ, ಎಳೆಯುವ ಬದಲು ಗಾಳಿ ಊದುವಂತೆ ಮಾಡಿ ರೋಗಿಯ ಮೂಗಿಗೆ ಜೋಡಿಸಿದರು. 1981ರಲ್ಲಿ ಐದು ರೋಗಿಗಳ ವರದಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಅದಕ್ಕೆ ಮೊದಲು ತೀವ್ರ ಅಪ್ನಿಯಾಕ್ಕೆ ಇದ್ದ ಖಚಿತ ದಾರಿ ಎಂದರೆ ಕುತ್ತಿಗೆಯಲ್ಲಿ ರಂಧ್ರ ಕೊರೆದು ನಳಿಕೆ ಇಡುವುದು.

ಕೊಪ್ಪದ ಅಣ್ಣನವರಿಗೆ ಹೆಚ್ಚು ಹತ್ತಿರದ್ದು 1988ರ ವರದಿ. ಸಲ್ಲಿವನ್ ಅವರೇ, ಅಸ್ತಮಾ ತಜ್ಞೆ ಆನ್ ವುಲ್ಕಾಕ್ ಜೊತೆ ಸೇರಿ, ರಾತ್ರಿ ಅಸ್ತಮಾ ಮತ್ತು ಅಪ್ನಿಯಾ ಎರಡೂ ಇದ್ದ 9 ಜನರನ್ನು ನೋಡಿದರು. ಎರಡು ವಾರ ಮೆಷಿನ್ ಇಲ್ಲದೆ, ಎರಡು ವಾರ ಮೆಷಿನ್ ಹಾಕಿ, ಮತ್ತೆ ಎರಡು ವಾರ ಇಲ್ಲದೆ. ಮೆಷಿನ್ ಹಾಕಿದಾಗ ಪೀಕ್ ಫ್ಲೋ ಅಂಕಿ ಏರಿತು, ತೆಗೆದಾಗ ಇಳಿಯಿತು. ಸಹಾಯಕಿಯವರು ಹೇಳಿದ ಅದೇ ಮೀಟರ್!

ಪ್ರಶ್ನೆಪಕ್ಷಿ

9 ಜನ. 1988. ಅಷ್ಟೇನಾ?

ಶ್ವಾಸ ಸಹಾಯಕಿ

ಅಷ್ಟೇ ಅಲ್ಲ. 2017ರಲ್ಲಿ ಸ್ಪೇನಿನಿಂದ 99 ಜನರ ಅಧ್ಯಯನ ಬಂತು. ಹತೋಟಿ ತಪ್ಪಿದ ಅಸ್ತಮಾ ಇದ್ದವರ ಪ್ರಮಾಣ ಆರು ತಿಂಗಳ ಸಿಪ್ಯಾಪ್ ನಂತರ 41.4%ರಿಂದ 17.2%ಗೆ ಇಳಿದಿತ್ತು. ಆದ್ರೆ ಅದರಲ್ಲಿ ಮೆಷಿನ್ ಹಾಕದ ಹೋಲಿಕೆ ಗುಂಪು ಇರಲಿಲ್ಲ. 2018ರಲ್ಲಿ ಹಾಂಗ್‌ಕಾಂಗ್‌ನವರು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಸಿಪ್ಯಾಪ್ ಕೊಟ್ಟು ಮೂರು ತಿಂಗಳು ನೋಡಿದ್ರು. ಹಗಲಿನ ತೂಕಡಿಕೆ ಕಮ್ಮಿ ಆಯ್ತು, ಅಸ್ತಮಾ ಹತೋಟಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದೂ ಸಣ್ಣ ಅಧ್ಯಯನವೇ. ಇನ್ನೂ ಹಿಂದೆ, 1991ರಲ್ಲಿ, ಅಪ್ನಿಯಾ ಇಲ್ಲದ ರಾತ್ರಿ ಅಸ್ತಮಾದವರಿಗೆ ಸಿಪ್ಯಾಪ್ ಹಾಕಿ ನೋಡಿದಾಗ ಇದ್ದ ನಿದ್ದೆಯೂ ಕೆಟ್ಟಿತ್ತು.

ಹಾಗಾಗಿ ನಾನು ಯಾರಿಗೂ "ಮೆಷಿನ್ ಹಾಕಿ, ಅಸ್ತಮಾ ಹೋಗುತ್ತೆ" ಅನ್ನಲ್ಲ. ಅಪ್ನಿಯಾ ಇದ್ರೆ ಅಪ್ನಿಯಾಕ್ಕೆ ಹಾಕಿ. ಅಪ್ನಿಯಾದಿಂದ ಕೆರಳ್ತಿದ್ದ ಪಾಲಿನ ಅಸ್ತಮಾ ಜೊತೆಗೇ ಇಳಿಯಬಹುದು, ಉಳಿದದ್ದಕ್ಕೆ ಪಂಪ್ ಬೇಕೇ ಬೇಕು. ಸಿಪ್ಯಾಪ್ ಬಂತು ಅಂತ ಪಂಪ್ ಬಿಟ್ಟವರು ಎಮರ್ಜೆನ್ಸಿಗೆ ಬಂದಿದ್ದನ್ನ ಕಣ್ಣಾರೆ ನೋಡಿದೀನಿ.

ಇಬ್ಬರ ಅಮ್ಮ

ಮಕ್ಕಳ ವಿಷಯ ಸ್ವಲ್ಪ ಹೇಳ್ತೀರಾ? ಮಗಳಿಗೆ ಆರು ವರ್ಷ. ವೀಸಿಂಗ್‌ಗೆ ಸ್ಪೇಸರ್‌ನಲ್ಲಿ ಪಂಪ್ ಕೊಡ್ತೀವಿ. ಬಾಯಿ ಬಿಟ್ಟುಕೊಂಡೇ ಮಲಗ್ತಾಳೆ, ಗೊರಕೆ, ಬೆವರು. ಇಎನ್‌ಟಿಯವರು ಮೂಗಿನ ಹಿಂದಿನ ಅಡಿನಾಯ್ಡ್ ಗಡ್ಡೆ, ಗಂಟಲಿನ ಟಾನ್ಸಿಲ್ ಎರಡೂ ದೊಡ್ಡದಿದೆ, ತೆಗೀಬೇಕು ಅಂದ್ರು. ಮನೇಲಿ ಅತ್ತೆ ಬೇಡವೇ ಬೇಡ ಅಂತಿದಾರೆ.

ಶ್ವಾಸ ಸಹಾಯಕಿ

ಮಕ್ಕಳಲ್ಲಿ ದಾರಿ ಬೇರೆ, ಮೆಷಿನ್‌ಗಿಂತ ಮೊದಲು ನೋಡೋದೇ ಟಾನ್ಸಿಲ್, ಅಡಿನಾಯ್ಡ್. ಅಮೆರಿಕದಲ್ಲಿ ಅವನ್ನ ತೆಗೆಸಿದ 13 ಸಾವಿರಕ್ಕೂ ಹೆಚ್ಚು ಅಸ್ತಮಾ ಮಕ್ಕಳ ದಾಖಲೆ ನೋಡಿದಾಗ, ಮಾರನೇ ವರ್ಷ ಅಸ್ತಮಾ ಉಲ್ಬಣಿಸೋದು ಸುಮಾರು 30% ಕಡಿಮೆ ಆಗಿತ್ತು, 2014ರ ವರದಿ. ಆಪರೇಷನ್ ಮುಂಚೆ ವೀಸಿಂಗ್ ಹತೋಟಿಯಲ್ಲಿರಬೇಕು, ಅನೆಸ್ತೀಶಿಯಾ ಡಾಕ್ಟ್ರಿಗೆ ಪಂಪ್ ವಿಷಯ ಮೊದಲೇ ಹೇಳಿ. ತೀರಾ ಜೋರಿಲ್ಲದಿದ್ರೆ ಕೆಲವು ಡಾಕ್ಟ್ರು ಮೊದಲು ಮೂಗಿನ ಸ್ಪ್ರೇ, ಅಲರ್ಜಿ-ಅಸ್ತಮಾಗೆ ಕೊಡೋ ಮಾಂಟೆಲುಕಾಸ್ಟ್ ಕೊಟ್ಟು ನೋಡ್ತಾರೆ. ಮಾಂಟೆಲುಕಾಸ್ಟ್ ಶುರು ಮಾಡಿದ ಮೇಲೆ ಕೆಟ್ಟ ಕನಸು, ಹಠ, ಮಂಕು ಕಂಡ್ರೆ ತಕ್ಷಣ ತಿಳಿಸಿ. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದಕ್ಕೆ ತನ್ನ ಅತಿ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿತು.

ಇಬ್ಬರ ಅಮ್ಮ

ಥ್ಯಾಂಕ್ಸ್ ಮೇಡಂ. ಇದನ್ನ ಅತ್ತೆಗೆ ಓದಿ ಹೇಳ್ತೀನಿ.

ಹಾಸನದ ಸೊಸೆ

ನಮ್ಮತ್ತೆಗೂ ಅಸ್ತಮಾ ಅಂತಲೇ ಔಷಧಿ ನಡೀತಿದೆ. ಮೂವತ್ತು ವರ್ಷ ಸೌದೆ ಒಲೆ ಮುಂದೆ ಕೂತವರು. ದಪ್ಪ ಇದ್ದಾರೆ, ಗೊರಕೆ, ಹಗಲೆಲ್ಲ ತೂಕಡಿಕೆ. ಬೆರಳಿಗೆ ಹಾಕೋ ಮೀಟರ್‌ನಲ್ಲಿ ರಾತ್ರಿ ಆಕ್ಸಿಜನ್ 80ರ ಆಸುಪಾಸು ಇಳಿಯುತ್ತೆ. ಕೋವಿಡ್ ಟೈಮಲ್ಲಿ ತಂದ ಆಕ್ಸಿಜನ್ ಕೊಡೋ ಕಾನ್ಸಂಟ್ರೇಟರ್ ಮೆಷಿನ್ ಮನೇಲೇ ಇದೆ, ರಾತ್ರಿ ಅದನ್ನೇ ಹಚ್ಚಿದ್ರೆ ಸಾಕಲ್ವಾ?

ಶ್ವಾಸ ಸಹಾಯಕಿ

ಬೇಡ, ಡಾಕ್ಟ್ರು ನೋಡೋವರೆಗೂ ನೀವಾಗಿ ಹಚ್ಚಬೇಡಿ. ಮುಚ್ಚಿದ ಗಂಟಲನ್ನ ಆಕ್ಸಿಜನ್ ತೆರೆಯಲ್ಲ, ಮೀಟರಿನ ಅಂಕಿ ಮಾತ್ರ ಚಂದ ಕಾಣುತ್ತೆ. ಒಳಗೆ ಕಾರ್ಬನ್ ಡೈಆಕ್ಸೈಡ್ ಏರ್ತಾ ಇದ್ರೆ ಬೆಳಿಗ್ಗೆ ಎಬ್ಬಿಸಿದ್ರೂ ಏಳದಷ್ಟು ಮಂಪರು ಬರಬಹುದು. ಸೌದೆ ಹೊಗೆ ಕುಡಿದ ಹೆಂಗಸರಲ್ಲಿ ಅಸ್ತಮಾ ಅಂತ ನಡೀತಿರೋದು ಎಷ್ಟೋ ಸಲ ಸಿಒಪಿಡಿ, ಅಂದ್ರೆ ಶ್ವಾಸನಾಳ ಕಾಯಂ ಕಿರಿದಾಗೋ ಕಾಯಿಲೆ ಆಗಿರುತ್ತೆ. ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶ ನೋಡೋದು), ರಕ್ತದ ಎಬಿಜಿ (ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಮಟ್ಟ), ಸ್ಲೀಪ್ ಸ್ಟಡಿ, ಮೂರೂ ಬೇಕು. ಸಿಒಟು ಜಾಸ್ತಿ ಬಂದ್ರೆ ಉಸಿರು ಎಳೆಯುವಾಗ, ಬಿಡುವಾಗ ಬೇರೆ ಬೇರೆ ಒತ್ತಡ ಕೊಡೋ ಬೈಪ್ಯಾಪ್ ಮೆಷಿನ್ ಬೇಕಾಗಬಹುದು. ನಿಮಗೆ ಬೆಂಗಳೂರು ದೂರ ಏನಲ್ಲ, ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಸರ್ಕಾರಿಯದೇ. ಇದನ್ನ ಮುಂದೂಡಬೇಡಿ. ಏಳಿಸಿದ್ರೆ ಸರಿಯಾಗಿ ಎಚ್ಚರ ಆಗ್ತಿಲ್ಲ, ಮಾತು ತೊದಲುತ್ತೆ ಅನ್ನೋ ಹಾಗಿದ್ರೆ ಅದೇ ಹೊತ್ತಿಗೆ ಹತ್ತಿರದ ಆಸ್ಪತ್ರೆಗೆ ಹೊರಡಿ.

ನಿರ್ವಾಹಕ

ಇಬ್ಬರು ಮೆಷಿನ್ ಮಾರಾಟದವರ ಫೋನ್ ನಂಬರ್ ತೆಗೆದಿದ್ದೇನೆ. ಮತ್ತೆ ಹಾಕಬೇಡಿ.

ಘಾಟಿ ರೋಡ್

ನಾನು ಶಿರಾಡಿ ಮೇಲೆ ಲಾರಿ ಓಡಿಸೋನು. ಅಸ್ತಮಾ ಇದೆ, ಪಂಪ್ ಇದೆ. ಹಗಲಲ್ಲಿ ಸ್ಟೇರಿಂಗ್ ಹಿಡಿದಾಗಲೇ ಕಣ್ಣು ಎಳೀತದೆ. ಟೆಸ್ಟ್ ಮಾಡಿಸಿದ್ರೆ ಮಾಲೀಕ ಗಾಡಿ ಕೊಡಲಿಕ್ಕಿಲ್ಲ ಅಂತ ಭಯ.

ಹುಬ್ಬಳ್ಳಿ ಮಂದಿ

ಅಣ್ಣಾ, ಶಿರಾಡಿ ಘಾಟಿನ್ಯಾಗ ಕಣ್ಣ ಎಳಿಯೂದು ಅಂದ್ರ ಹುಡುಗಾಟ ಅಲ್ರಿ. ಚಿಕಿತ್ಸಾ ತಗೊಂಡ ಡ್ರೈವರ್ ಗಾಡಿ ಓಡಸಬಹುದು, ತಗೊಳ್ಳದಾಂವನ ಅಪಾಯ. ಇವತ್ತ ಎಪ್‌ವರ್ತ್ ಪ್ರಶ್ನೆ ಹುಡುಕಿ ತುಂಬ್ರಿ, ಹಗಲಿನ ನಿದ್ದಿ ಅಳಿಯೂದು ಅದು, ಎಂಟ ಪ್ರಶ್ನೆ, ಒಟ್ಟು 24 ಅಂಕ. 10ರ ಮ್ಯಾಲೆ ಬಂದ್ರ ಡಾಕ್ಟರ್ ಕಡೆ ಹೋಗ್ರಿ. ಅಲ್ಲೀತನಕ ನಿದ್ದಿ ಬಂದ್ರ ಗಾಡಿ ಬದಿಗೆ ಹಾಕ್ರಿ. ರಾತ್ರಿ ಕುಡಿಯೂದು ಇದ್ರ ಬಿಡ್ರಿ, ನಿದ್ದಿ ಗುಳಿಗಿನೂ ಬ್ಯಾಡ, ಎರಡೂ ಗಂಟಲಾ ಸಡ್ಲ ಮಾಡತಾವ.

ಕೊಪ್ಪದ ತೋಟ

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಇದನ್ನೆಲ್ಲ ಅಣ್ಣನಿಗೆ ಓದಿಸಿದೆ. ಕೊಳ್ಳೋದಕ್ಕೆ ಮುಂಚೆ ಬಾಡಿಗೆಗೆ ತಂದು ನೋಡಣ ಅನ್ನೋ ಮಟ್ಟಕ್ಕೆ ಬಂದಿದಾನೆ. ಮೂಗಿನ ಸ್ಪ್ರೇ ಶುರು ಮಾಡಿಸಿದೀವಿ. ಈಗ ನಮ್ಮ ಕಡೆಯ ತಾಪತ್ರಯ: ಮಳೆಗಾಲದಲ್ಲಿ ಗೋಡೆ, ಬಟ್ಟೆ, ಚಪ್ಪಲಿ ಎಲ್ಲಕ್ಕೂ ಬೂಷ್ಟು. ಪೈಪಿಗೆ ಹಿಡಿಯಲ್ವಾ? ಓಝೋನ್ ಕ್ಲೀನರ್ ಅಂತ ಆನ್‌ಲೈನಲ್ಲಿ ಇದೆ, ತಗೊಳ್ಳಾದಾ? ಕರೆಂಟ್ ಬೇರೆ ಹೋದ್ರೆ ಹೋಯ್ತು.

ಸಿಡ್ನಿ ಕನ್ನಡಿಗ

ಓಝೋನ್ ಖಂಡಿತ ಬೇಡ. ಶ್ವಾಸನಾಳವನ್ನು ಕೆರಳಿಸುವ ಅನಿಲ ಅದು, ಅಸ್ತಮಾದವರಿಗಂತೂ ವಿಷವೇ. 2020ರಲ್ಲಿ ಎಫ್‌ಡಿಎ ಅಂಥ ಕ್ಲೀನರ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಹಳೆಯ ಮೆಷಿನ್ ಯಾರಾದರೂ ಅಗ್ಗಕ್ಕೆ ಕೊಟ್ಟರೆ ಮಾಡೆಲ್ ನಂಬರ್ ನೋಡಿ. 2021ರ ಜೂನ್‌ನಲ್ಲಿ ಫಿಲಿಪ್ಸ್ ತನ್ನ ಲಕ್ಷಗಟ್ಟಲೆ ಮೆಷಿನ್‌ಗಳನ್ನು ವಾಪಸ್ ಕರೆಯಿತು, ಒಳಗಿನ ಸದ್ದು ತಡೆಯುವ ಫೋಮ್ ಪುಡಿಯಾಗಿ ಗಾಳಿಯ ದಾರಿಗೆ ಬೀಳಬಹುದೆಂದು.

ಶ್ವಾಸ ಸಹಾಯಕಿ

ಮಾಸ್ಕಿನ ಕುಶನ್ ದಿನಾ ಒರೆಸಿ. ಪೈಪ್, ನೀರಿನ ಡಬ್ಬಿ ವಾರಕ್ಕೊಮ್ಮೆ ಸೌಮ್ಯ ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಪೈಪನ್ನ ತೂಗು ಹಾಕಿ ಪೂರ್ತಿ ಒಣಗಿಸಿ. ಒಲೆ ಮೇಲಿನ ಅಟ್ಟದಲ್ಲಿ ಬೇಡ, ಹೊಗೆ ಕುಡಿಯುತ್ತೆ. ಅಡಿಕೆ ಬೇಯಿಸೋ ಕಡೆಯಿಂದಲೂ ದೂರ. ಡಬ್ಬಿಗೆ ಡಿಸ್ಟಿಲ್ಡ್ ವಾಟರ್, ಬೆಳಿಗ್ಗೆ ಉಳಿದದ್ದು ಚೆಲ್ಲಿ. ಡೆಟಾಲ್, ಅಗರಬತ್ತಿ ವಾಸನೆ ಮೆಷಿನ್ ಹತ್ರ ಸುಳಿಯಬಾರದು. ಹಿಂದೆ ಇರೋ ಫಿಲ್ಟರ್ ಮಳೆಗಾಲದಲ್ಲಿ ಬೇಗ ಬದಲಾಯಿಸಿ.

ಕರೆಂಟಿಗೆ ಮನೆ ಇನ್‌ವರ್ಟರ್ ಸಾಕಾಗುತ್ತೆ. ಹೆಚ್ಚು ಬ್ಯಾಟರಿ ತಿನ್ನೋದು ಹ್ಯುಮಿಡಿಫೈಯರ್, ಅದನ್ನ ಕಮ್ಮಿಗೆ ಇಟ್ರೆ ಹೆಚ್ಚು ಹೊತ್ತು ಬರುತ್ತೆ. ಮೆಷಿನ್ ನಿಂತ್ರೂ ಉಸಿರು ಕಟ್ಟಲ್ಲ, ಮಾಸ್ಕಿನಲ್ಲಿ ಗಾಳಿಗೆ ದಾರಿ ಇರುತ್ತೆ. ಎಚ್ಚರ ಆಗುತ್ತೆ ಅಷ್ಟೆ.

ಇನ್ನೊಂದು ಮಾತು ಅಣ್ಣನಿಗೆ ಒತ್ತಿ ಹೇಳಿ. ರಾತ್ರಿಗೆ 4 ಗಂಟೆ ಹಾಕಿದ್ರೆ ಸಾಕು ಅಂತ ಎಲ್ಲರೂ ಹೇಳ್ತಾರೆ, ಅದು ವರದಿಗೆ ಇಟ್ಟುಕೊಂಡ ಗೆರೆ. ಕನಸು ಬೀಳೋ ನಿದ್ದೆ ಬೆಳಗಿನ ಜಾವಕ್ಕೆ ಹೆಚ್ಚು, ಆಗಲೇ ಗಂಟಲು ಹೆಚ್ಚು ಸಡಿಲ, ಅಸ್ತಮಾ ಕೆರಳೋದೂ ಆ ಹೊತ್ತಿಗೇ. ನಡುರಾತ್ರಿ ಎರಡು ಗಂಟೆ ಹೊತ್ತಿಗೆ ಮಾಸ್ಕ್ ತೆಗೆದಿಟ್ರೆ ಬೇಕಾದ ಹೊತ್ತಿಗೇ ಇಲ್ಲದ ಹಾಗಾಯ್ತು.

ಪ್ರಶ್ನೆಪಕ್ಷಿ

ಆಯ್ತು, ಮೆಷಿನ್ ವಿಷಯದಲ್ಲಿ ಸ್ವಲ್ಪ ಸೋತೆ. ತೂಕದ ಇಂಜೆಕ್ಷನ್ ಬಂದಿದೆಯಂತಲ್ಲ, ಅದು ಹಾಕಿಸಿದ್ರೆ ಮೆಷಿನ್ನೇ ಬೇಡ ಅಂತಾರಲ್ಲ?

ಶ್ವಾಸ ಸಹಾಯಕಿ

ಟಿರ್ಜೆಪಟೈಡ್. ಬೊಜ್ಜಿನ ಜೊತೆ ಮಧ್ಯಮ ಅಥವಾ ತೀವ್ರ ಅಪ್ನಿಯಾ ಇರೋ ವಯಸ್ಕರಿಗೆ 2024ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಒಪ್ಪಿಗೆ ಕೊಡ್ತು, 2025ರ ಮಾರ್ಚ್‌ನಲ್ಲಿ ನಮ್ಮ ಮಾರುಕಟ್ಟೆಗೂ ಮೌಂಜಾರೋ ಹೆಸರಲ್ಲಿ ಬಂತು. ಕೆಲಸ ಮಾಡುತ್ತೆ, ಆದ್ರೆ ತಿಂಗಳುಗಟ್ಟಲೆ ಬೇಕು, ಖರ್ಚೂ ಇದೆ. ವಾಂತಿ, ಹುಳಿ ತೇಗು ಬಂದ್ರೆ ಅಸ್ತಮಾದವರಿಗೆ ಅದು ಬೇರೆ ತಲೆನೋವು. ತೂಕ ಇಳಿದ ಮೇಲೆ ಮತ್ತೆ ಸ್ಲೀಪ್ ಸ್ಟಡಿ ಮಾಡಿಸಿ ನೋಡದೆ ಮೆಷಿನ್ ಬಿಡೋ ಹಾಗಿಲ್ಲ.

ಕೊಪ್ಪದ ತೋಟ

ಕೊನೇ ಪ್ರಶ್ನೆ, ನಗಬೇಡಿ. ಮುಂದಿನ ತಿಂಗಳು ಬೆಳಗಾವಿಯಲ್ಲಿ ನೆಂಟರ ಮದುವೆ. ರಾತ್ರಿ ರೈಲು, ಅಲ್ಲಿ ಹೋದ್ರೆ ಛತ್ರದ ಹಾಲ್‌ನಲ್ಲಿ ಎಲ್ಲರ ಜೊತೆ ಸಾಲಾಗಿ ಮಲಗೋದು. "ಆನೆ ಸೊಂಡಿಲು ಕಟ್ಕೊಂಡು ಬೀಗರ ಮುಂದೆ ಮಲಗಲಾ?" ಅಂತಾನೆ.

ಹುಬ್ಬಳ್ಳಿ ಮಂದಿ

ರೈಲಿನ ಸಾಕೆಟ್ ನೆಚ್ಚಿಕೋಬ್ಯಾಡ್ರಿ, ರಾತ್ರಿ ಕರೆಂಟ್ ಇರತೈತಿ ಅಂತ ಗ್ಯಾರಂಟಿ ಇಲ್ಲ. ಮಷೀನಿಗೆ ಹೊಂದೋ ಬ್ಯಾಟರಿ ಬಾಡಿಗಿಗೆ ಸಿಕ್ರ ನೋಡ್ರಿ, ಇಲ್ಲಂದ್ರ ಆ ರಾತ್ರಿ ಒಂದ ಮಗ್ಗಲಾ ಮಲಕೋಬೇಕು, ಅಂಗಾತ ಬ್ಯಾಡ. ಡಬ್ಬಿ ನೀರು ಖಾಲಿ ಮಾಡಿ ಒಯ್ರಿ, ಇಲ್ಲಂದ್ರ ಚೆಲ್ಲಿ ಮಷೀನ್ ಒಳಗ ಇಳೀತೈತಿ. ಪಂಪ್ ದೊಡ್ಡ ಬ್ಯಾಗಿನ್ಯಾಗ ಬ್ಯಾಡ, ಅಂಗಿ ಕಿಸೇದಾಗ ಇರಲಿ.

ಛತ್ರದಾಗ ಗ್ವಾಡಿ ಬದಿ ಪ್ಲಗ್ ಇದ್ದ ಜಾಗಾ ಮೊದಲ ಹಿಡೀರಿ, ಅಲ್ಲಿ ಮೊಬೈಲ್ ಚಾರ್ಜರಿನ ಮಂದಿ ಕೂಡ ಜಗಳಾ ಆಗತೈತಿ. ಮಂದಿ ಏನಂತಾರ ಅನ್ನೂದು ಮರೀರಿ. ನಾ ಹಾಕ್ಕೊಂಡ ಮಲಗಿದ್ದು ನೋಡಿ ನಮ್ಮ ಷಡ್ಡಕ ರಾತ್ರೋರಾತ್ರಿ ಹಾಸಿಗಿ ಎತ್ಕೊಂಡು ನನ್ನ ಬಾಜೂಕ ಬಂದ. ಅಲ್ಲಿ ಗೊರಕಿ ಇಲ್ಲಂತ.